ಜೂಡಿ ಡೆಂಚ್ ಅವರ ಅಭಿನಯವನ್ನು ಯಾವ ಕ್ರಮದಲ್ಲಿ ನೋಡಬೇಕು?

1934ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಹುಟ್ಟಿ, 1957ರಲ್ಲಿ ಓಲ್ಡ್ ವಿಕ್ ತಂಡದ ‘ಹ್ಯಾಮ್ಲೆಟ್’ನಲ್ಲಿ ಒಫೀಲಿಯಾಳಾಗಿ ವೃತ್ತಿರಂಗಭೂಮಿಗೆ ಕಾಲಿಟ್ಟ ಜೂಡಿ ಡೆಂಚ್ ಅವರನ್ನು ನಮ್ಮಲ್ಲಿ ಹೆಚ್ಚಿನವರು ಬಲ್ಲದ್ದು ಜೇಮ್ಸ್ ಬಾಂಡ್ ಚಿತ್ರಗಳಲ್ಲಿ ಬಾಂಡ್‌ನ ಮೇಲಧಿಕಾರಿ ‘ಎಂ’ ಆಗಿ. 1995ರಲ್ಲಿ ‘ಗೋಲ್ಡನ್ ಐ’ ಬಂದಾಗ ಅವರಿಗೆ ಅರವತ್ತು ವರ್ಷವಾಗಿತ್ತು. ರಂಗದ ದುಡಿಮೆ ನಾಲ್ಕು ದಶಕಗಳನ್ನು ಸಮೀಪಿಸಿತ್ತು. ಆದ್ದರಿಂದ ಬಾಂಡ್ ಚಿತ್ರಗಳನ್ನು ಸದ್ಯಕ್ಕೆ ಬದಿಗಿಡಿ.

ಟ್ರೆವರ್ ನನ್ ನಿರ್ದೇಶನದ ‘ಮ್ಯಾಕ್‌ಬೆತ್’ನಿಂದ ತೊಡಗುವುದು ಒಳ್ಳೆಯದು. 1976ರಲ್ಲಿ ಸ್ಟ್ರಾಟ್‌ಫರ್ಡ್‌ನ ‘ದಿ ಅದರ್ ಪ್ಲೇಸ್’ ಎಂಬ ಪುಟ್ಟ ರಂಗಮಂದಿರದಲ್ಲಿ ಇಯಾನ್ ಮೆಕೆಲನ್ ಅವರೊಂದಿಗೆ ಆಡಿದ ಈ ನಾಟಕವನ್ನು ಮುಂದೆ ಟಿ.ವಿ.ಗಾಗಿ ಚಿತ್ರೀಕರಿಸಿದ್ದರಿಂದ, ರಂಗನಟಿಯನ್ನು ಕ್ಯಾಮೆರಾ ತೀರ ಹತ್ತಿರದಿಂದ ಕಾಣುವ ಅಪರೂಪದ ಅವಕಾಶ ಇಲ್ಲಿದೆ. ಡೆಂಚ್ ಅವರ ಲೇಡಿ ಮ್ಯಾಕ್‌ಬೆತ್ ನಿದ್ದೆಗಣ್ಣಿನಲ್ಲಿ ನಡೆದಾಡುವ ದೃಶ್ಯವನ್ನು ಎರಡು ಬಾರಿ ನೋಡಿ. ಮೊದಲ ಸಲ ಕಣ್ಣು ಮುಚ್ಚಿ, ಬರೀ ಕೇಳಿ. ಅವಳ ನಿಟ್ಟುಸಿರು ನರಳಾಟವಾಗಿ, ನರಳಾಟ ಎಳೆದೆಳೆದು ಉಸಿರೇ ಬತ್ತಿಹೋಗುವವರೆಗೆ ಸಾಗುತ್ತದೆ. ಎರಡನೆಯ ಸಲ ಕಪ್ಪು ವಸ್ತ್ರದ ನಡುವೆ ಉಳಿದಿರುವ ಆ ಮುಖವೊಂದನ್ನೇ ಗಮನಿಸಿ.

ಆಮೇಲೆ ಇಬ್ಬರು ರಾಣಿಯರನ್ನು ಒಂದರ ಹಿಂದೊಂದು ನೋಡಬೇಕು, ಸಾಧ್ಯವಾದರೆ ಒಂದೇ ವಾರದಲ್ಲಿ. ‘ಮಿಸೆಸ್ ಬ್ರೌನ್’ (1997) ಮತ್ತು ‘ಷೇಕ್ಸ್‌ಪಿಯರ್ ಇನ್ ಲವ್’ (1998) ಎರಡಕ್ಕೂ ಜಾನ್ ಮ್ಯಾಡನ್ ಅವರೇ ನಿರ್ದೇಶಕರು. ಮೊದಲನೆಯದರಲ್ಲಿ ವಿಧವೆ ವಿಕ್ಟೋರಿಯಾಳ ದುಃಖ ಕರಗಲು ಇಡೀ ಚಿತ್ರದ ಅವಧಿ ಇದೆ. ಎರಡನೆಯದರಲ್ಲಿ ಎಲಿಜಬೆತ್ ತೆರೆಯ ಮೇಲಿರುವುದು ಕೆಲವೇ ನಿಮಿಷ, ಆಸ್ಕರ್ ಬಂದದ್ದು ಮಾತ್ರ ಅದಕ್ಕೆ. ಕೊನೆಯಲ್ಲಿ ರಾಣಿ ಕೆಸರುಗುಂಡಿಯ ಮುಂದೆ ಕ್ಷಣ ನಿಲ್ಲುತ್ತಾಳೆ. ಆಸ್ಥಾನಿಕರು ತಡವಾಗಿ ನಿಲುವಂಗಿ ಹಾಸಲು ಮುಂದಾಗುವಷ್ಟರಲ್ಲಿ ಅವಳು ಸಿಡುಕುತ್ತಲೇ ಕೆಸರನ್ನು ತುಳಿದುಕೊಂಡು ಹೋಗಿಬಿಡುತ್ತಾಳೆ. ಪ್ರಶಸ್ತಿ ಪಾತ್ರದ ಉದ್ದಕ್ಕೆ ಸಲ್ಲಲಿಲ್ಲವೆಂದು ಗೊಣಗುವವರು ಈ ತುಣುಕನ್ನು ಮತ್ತೊಮ್ಮೆ ನೋಡಲಿ.

1987ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್‌ನಲ್ಲಿ ಆಂಥೊನಿ ಹಾಪ್‌ಕಿನ್ಸ್ ಜೊತೆ ಆಡಿದ ಕ್ಲಿಯೋಪಾತ್ರದಂಥ ಪಾತ್ರಗಳಿಗೆ ಛಾಯಾಚಿತ್ರಗಳನ್ನೂ ಅಂದಿನ ವಿಮರ್ಶೆಗಳನ್ನೂ ಆಶ್ರಯಿಸಬೇಕಾಗುತ್ತದೆ. ಅವನ್ನು ಓದುವಾಗ ನಾಟಕದ ಪಠ್ಯವನ್ನು ಪಕ್ಕದಲ್ಲಿಟ್ಟುಕೊಂಡರೆ, ವಿಮರ್ಶಕ ಹೊಗಳುತ್ತಿರುವ ಸಾಲು ಯಾವುದೆಂದು ತಿಳಿಯುತ್ತದೆ.

‘ನೋಟ್ಸ್ ಆನ್ ಎ ಸ್ಕ್ಯಾಂಡಲ್’ (2006) ನೋಡಲು ಇದು ತಕ್ಕ ಸಮಯ, ಏಕೆಂದರೆ ದಿನಚರಿ ಓದುವ ಆ ಒಣ, ವಿಷ ಬೆರೆತ ದನಿಯಲ್ಲಿ ಲೇಡಿ ಮ್ಯಾಕ್‌ಬೆತ್ ಎಲ್ಲೋ ಸುಳಿಯುತ್ತಾಳೆ. ತಮಗಿರುವ ಮ್ಯಾಕ್ಯುಲರ್ ಕ್ಷೀಣತೆಯ, ಅಂದರೆ ಕಣ್ಣಿನ ನೋಟ ನಡುಭಾಗದಲ್ಲಿ ಮಸುಕಾಗುತ್ತ ಹೋಗುವ ಕಾಯಿಲೆಯ ವಿಷಯವನ್ನು ಡೆಂಚ್ 2012ರಲ್ಲಿ ಬಹಿರಂಗಪಡಿಸಿದರು. ಆಪ್ತರು ಚಿತ್ರಕಥೆಯನ್ನು ಓದಿ ಹೇಳಿದರೆ ಕಿವಿಯಿಂದಲೇ ಸಂಭಾಷಣೆ ಕಲಿಯುವುದು ಆಮೇಲಿನ ರೂಢಿ. ‘ಬೆಲ್‌ಫಾಸ್ಟ್’ (2021) ಚಿತ್ರವನ್ನು ಇದನ್ನು ನೆನಪಿನಲ್ಲಿಟ್ಟು ಕೊನೆಗೆ ನೋಡಿ. ಊರು ಬಿಟ್ಟು ಹೊರಟ ಮಕ್ಕಳಿಗೆ ಅಜ್ಜಿ ಹೋಗಿ, ಹಿಂತಿರುಗಿ ನೋಡಬೇಡಿ ಎನ್ನುವಾಗ ಕಪ್ಪು-ಬಿಳುಪು ತೆರೆಯ ತುಂಬ ಅಜ್ಜಿಯಾದ ಡೆಂಚ್ ಅವರ ಮುಖವೊಂದೇ ಇರುತ್ತದೆ.