ತುಮಕೂರಿನಿಂದ ಜ್ಞಾನಭಾರತಿಗೆ: ಹಳೇ ಮಾರ್ಕ್ಸ್ ಕಾರ್ಡ್‌ಗಾಗಿ ಹೊರಟವರಿಗೆ

ತುಮಕೂರು ವಿಶ್ವವಿದ್ಯಾನಿಲಯ ಶುರುವಾಗಿದ್ದು 2004ರಲ್ಲಿ. ಅದಕ್ಕೂ ಮುಂಚೆ ನಮ್ಮ ಜಿಲ್ಲೆಯ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಹಾಗಾಗಿ ಆಗ ಬಿ.ಎ., ಬಿ.ಕಾಂ. ಮುಗಿಸಿದವರಿಗೆ ಇವತ್ತು ಮಾರ್ಕ್ಸ್ ಕಾರ್ಡಿನ ನಕಲು ಬೇಕೆಂದರೆ, ಡಿಗ್ರಿ ಸರ್ಟಿಫಿಕೇಟ್ ತೆಗೆದುಕೊಳ್ಳದೇ ಬಿಟ್ಟಿದ್ದರೆ, ಬಿ.ಎಚ್. ರಸ್ತೆಯ ನಮ್ಮ ವಿ.ವಿ.ಗೆ ಹೋಗಿ ಕೇಳಿ ಪ್ರಯೋಜನವಿಲ್ಲ. ಬೆಂಗಳೂರು ವಿ.ವಿ.ಯ ಕ್ಯಾಂಪಸ್ ಇರುವ ಜ್ಞಾನಭಾರತಿಗೇ ಹೋಗಬೇಕು. ನಾನು ಇಲ್ಲಿನ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಪರೀಕ್ಷೆ ಫೀಸಿನ ಪಟ್ಟಿ, ಪ್ರವೇಶದ ಪಟ್ಟಿ ಅಂತ ಫೈಲು ಕಂಕುಳಲ್ಲಿ ಇಟ್ಟುಕೊಂಡು ಆ ಕ್ಯಾಂಪಸ್ಸಿಗೆ ಓಡಾಡಿದ್ದೇ ನನ್ನ ಅರ್ಧ ಕೆಲಸ. ಮನೆಗೆ ಬಂದು ದಾರಿ ಕೇಳುವವರಿಗೆ ಪ್ರತಿ ಸಲ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಸ್ ಹತ್ತುವ ಮೊದಲು ನಿಮ್ಮ ಹತ್ತಿರ ಇರುವ ಯಾವುದಾದರೂ ಹಳೇ ಕಾಗದ ತೆಗೆದು ಮುದ್ರೆ ನೋಡಿ. ಯಾವ ವಿಶ್ವವಿದ್ಯಾನಿಲಯದ ಹೆಸರಿದೆಯೋ ಅಲ್ಲಿಗೇ ನಿಮ್ಮ ಪ್ರಯಾಣ. ತುಂಬಾ ಹಿರಿಯರ ಕಾಗದದಲ್ಲಿ ಮೈಸೂರು ವಿ.ವಿ. ಹೆಸರಿರಬಹುದು. ಬೆಂಗಳೂರು ವಿ.ವಿ. ಹುಟ್ಟಿದ್ದೇ 1964ರಲ್ಲಿ. ಎಂಜಿನಿಯರಿಂಗ್ ಓದಿದವರಿಗೆ 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿ.ವಿ. (ವಿಟಿಯು) ಬಂತು. ಅವರ ದಾರಿಯೇ ಬೇರೆ.

ಇನ್ನೊಂದು ಗೊಂದಲ ಇದೆ. 2017ರಲ್ಲಿ ಬೆಂಗಳೂರು ವಿ.ವಿ.ಯನ್ನು ಮೂರು ಭಾಗ ಮಾಡಿದರು. ಹಳೆಯದು ಜ್ಞಾನಭಾರತಿಯಲ್ಲೇ ಉಳಿಯಿತು. ಒಂದು ಸೆಂಟ್ರಲ್ ಕಾಲೇಜಿಗೆ ಹೋಯಿತು. ಉತ್ತರ ವಿ.ವಿ. ಅನ್ನುವುದು ಕೋಲಾರದ ಟಮಕಕ್ಕೆ ಹೋಯಿತು. ವಯಸ್ಸಾದವರು ಯೂನಿವರ್ಸಿಟಿ ಅಂದರೆ ಸೆಂಟ್ರಲ್ ಕಾಲೇಜು ಅಂತಲೇ ಹೇಳಿ ಕಳಿಸುತ್ತಾರೆ. ಅವರ ಕಾಲಕ್ಕೆ ಅದು ಸರಿಯೇ, ವಿ.ವಿ. ಶುರುವಾಗಿದ್ದೇ ಅಲ್ಲಿ. ಆದರೆ ಮೆಜೆಸ್ಟಿಕ್‌ನಿಂದ ಸೆಂಟ್ರಲ್ ಕಾಲೇಜು ಪೂರ್ವಕ್ಕೆ, ಜ್ಞಾನಭಾರತಿ ಪಶ್ಚಿಮಕ್ಕೆ. ಒಂದೇ ನೇರಳೆ ಮೆಟ್ರೋದಲ್ಲಿ ಎದುರು ಬದುರು ದಿಕ್ಕು. ವಿಳಾಸದಲ್ಲಿ 560056 ಪಿನ್‌ಕೋಡ್ ಇದ್ದರೆ ಅದು ಜ್ಞಾನಭಾರತಿ. ಇದೊಂದು ನೆನಪಿಟ್ಟುಕೊಂಡರೆ ಸಾಕು.

ದಿನ ಯಾವುದು ಅಂತಲೂ ನೋಡಿ. ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗಳಿಗೆ ರಜೆ. ಸೋಮವಾರ ಜನ ಜಾಸ್ತಿ. ನನ್ನನ್ನು ಕೇಳಿದರೆ ಮಂಗಳವಾರ, ಬುಧವಾರ ಒಳ್ಳೆಯದು. ಬೆಳಿಗ್ಗೆ ಏಳಕ್ಕೆಲ್ಲ ತುಮಕೂರು ಬಿಟ್ಟಿರಬೇಕು. ಹತ್ತಕ್ಕೆ ಬಿಟ್ಟವರು ಊಟದ ಹೊತ್ತಿಗೆ ಸರಿಯಾಗಿ ಕೌಂಟರ್ ಮುಂದೆ ನಿಲ್ಲುತ್ತಾರೆ. ಆಮೇಲೆ ಆಫೀಸಿನವರನ್ನು ಬೈಯುತ್ತಾರೆ.

ಈಗ ಬಸ್ಸು. ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್, ರಾಷ್ಟ್ರೀಯ ಹೆದ್ದಾರಿ 48. ಬೆಳಿಗ್ಗೆ ಒಂದರ ಹಿಂದೆ ಒಂದು ಬಸ್ ಇರುತ್ತದೆ, ಕಾಯುವ ಮಾತೇ ಇಲ್ಲ. ಹೆಂಗಸರು ಆಧಾರ್ ಕಾರ್ಡ್ ಇಟ್ಟುಕೊಂಡಿರಿ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಶೂನ್ಯ ಟಿಕೆಟ್ ಕೊಡುತ್ತಾರೆ. ರಾಜಹಂಸ, ಐರಾವತಕ್ಕೆ ಅದು ನಡೆಯುವುದಿಲ್ಲ. ಬೆಂಗಳೂರಿನ ಒಳಗಿನ ಸಾಮಾನ್ಯ ಸಿಟಿ ಬಸ್ಸಿಗೂ ಶೂನ್ಯ ಟಿಕೆಟ್ ಉಂಟು, ಮೆಟ್ರೋಗೆ ಮಾತ್ರ ದುಡ್ಡು ಕೊಡಲೇಬೇಕು.

ಹತ್ತುವಾಗ ಬಾಗಿಲಲ್ಲೇ ಕಂಡಕ್ಟರ್‌ಗೆ ಒಂದು ಪ್ರಶ್ನೆ ಹಾಕಿ: "ಸಾರ್, ಪೀಣ್ಯ ಫ್ಲೈಓವರ್ ಮೇಲೆ ಹೋಗುತ್ತಾ, ಕೆಳಗಾ?" ಇದನ್ನು ಕೇಳದವರೇ ಜಾಸ್ತಿ ಒದ್ದಾಡುವುದು. ನಾಗಸಂದ್ರದ ಹತ್ತಿರ ಹತ್ತಿದರೆ ಆ ಮೇಲ್ಸೇತುವೆ ಇಳಿಯುವುದು ಗೊರಗುಂಟೆಪಾಳ್ಯದ ಹತ್ತಿರವೇ. ಮಧ್ಯೆ ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್ ಎರಡೂ ನಿಮ್ಮ ಕಾಲ ಕೆಳಗೇ ಹೋಗಿಬಿಡುತ್ತವೆ. ಕೆಳಗೆ ಹೋಗುವ ಬಸ್ಸಾದರೆ ಜಾಲಹಳ್ಳಿ ಕ್ರಾಸ್‌ಗೆ ಟಿಕೆಟ್ ತೆಗೆದುಕೊಳ್ಳಿ. ಇಳಿದರೆ ಎದುರಿಗೇ ಜಾಲಹಳ್ಳಿ ಮೆಟ್ರೋ ನಿಲ್ದಾಣ. ಮೇಲೆ ಹೋಗುವ ಬಸ್ಸಾದರೆ ಗೊರಗುಂಟೆಪಾಳ್ಯಕ್ಕೆ ತೆಗೆದುಕೊಳ್ಳಿ. ಅಲ್ಲೂ ಮೆಟ್ರೋ ಇದೆ. ಸುಮ್ನೆ ಮೆಜೆಸ್ಟಿಕ್‌ವರೆಗೆ ಬಸ್ಸಲ್ಲೇ ಕೂರಬೇಡಿ. ಗೊರಗುಂಟೆಪಾಳ್ಯದಿಂದ ಯಶವಂತಪುರ ದಾಟಿ ಮೆಜೆಸ್ಟಿಕ್ ಸೇರುವಷ್ಟರಲ್ಲಿ ತುಮಕೂರಿನಿಂದ ನೆಲಮಂಗಲಕ್ಕೆ ಬಂದಷ್ಟು ಬೇಸರ ಆಗುತ್ತದೆ.

ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ತಿಂದು ಮುಂದಿನ ಬಸ್ ಹತ್ತೋಣ ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ. ಅಲ್ಲಿ ಮತ್ತೆ ಸೀಟು ಸಿಗುವುದಿಲ್ಲ. ಮನೆಯಲ್ಲೇ ತಿಂಡಿ ಮುಗಿಸಿ.

ಮೆಟ್ರೋ ಹೊಸದಾದವರು ಹೆದರಬೇಕಾಗಿಲ್ಲ. ಕೌಂಟರ್‌ನಲ್ಲಿ "ಜ್ಞಾನಭಾರತಿ" ಅಂತ ಒಂದೇ ಟೋಕನ್ ಕೇಳಿ, ಮಧ್ಯೆ ಗಾಡಿ ಬದಲಿಸಲು ಬೇರೆ ಟೋಕನ್ ಬೇಡ. ಮಕ್ಕಳು ವಾಟ್ಸಾಪ್‌ನಲ್ಲೇ ಟಿಕೆಟ್ ಮಾಡಿಕೊಟ್ಟರೆ ಇನ್ನೂ ಸುಲಭ. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಹೋಗಿ. ಅಲ್ಲಿ ನೇರಳೆ ಬಣ್ಣದ ಬೋರ್ಡ್ ಹಿಡಿದು ನಡೆಯಿರಿ. ಹೊರಗೆ ಹೋಗುವ ಗೇಟಿಗೆ ಮಾತ್ರ ಟೋಕನ್ ಹಾಕಬೇಡಿ, ಹಾಕಿದರೆ ಟೋಕನ್ ಹೋಯಿತು. ಚಲ್ಲಘಟ್ಟ ಅಂತ ಬರೆದಿರುವ ರೈಲು ನಿಮ್ಮದು. ಮೈಸೂರು ರಸ್ತೆವರೆಗೆ ಮಾತ್ರ ಅಂತಿದ್ದರೆ ಬಿಡಿ, ಹಿಂದೆಯೇ ಇನ್ನೊಂದು ಬರುತ್ತದೆ. ಮೈಸೂರು ರಸ್ತೆ ನಿಲ್ದಾಣ ಆದ ಮೇಲೆ ನಾಯಂಡಹಳ್ಳಿ, ರಾಜರಾಜೇಶ್ವರಿ ನಗರ, ಅದರ ನಂತರದ್ದೇ ಜ್ಞಾನಭಾರತಿ. ಈ ಕಡೆಯ ಮಾರ್ಗ 2021ರಲ್ಲಿ ಶುರುವಾಯಿತು. ನಮ್ಮ ಕಾಲದಲ್ಲಿ ಮಾರ್ಕೆಟ್‌ನಿಂದ ಸಿಟಿ ಬಸ್ಸಲ್ಲಿ ನೇತಾಡಿಕೊಂಡು, ವೃಷಭಾವತಿಯ ವಾಸನೆ ಕುಡಿದುಕೊಂಡು ಹೋಗುತ್ತಿದ್ದೆವು. ವಾಸನೆ ಈಗಲೂ ಇದೆ, ಎ.ಸಿ. ಒಳಗೆ ಗೊತ್ತಾಗುವುದಿಲ್ಲ ಅಷ್ಟೇ.

ರೈಲು ಇಷ್ಟ ಇರುವವರಿಗೆ ಇನ್ನೊಂದು ದಾರಿ. ತುಮಕೂರಿನಿಂದ ಬೆಂಗಳೂರಿನ ದೊಡ್ಡ ಸ್ಟೇಷನ್‌ಗೆ ಹೋಗುವ ರೈಲು ಹಿಡಿದರೆ, ಸಂಗೊಳ್ಳಿ ರಾಯಣ್ಣ ಮೆಟ್ರೋ ನಿಲ್ದಾಣ ಪಕ್ಕದಲ್ಲೇ ಇದೆ. ಅದು ನೇರಳೆ ಮಾರ್ಗದ್ದೇ. ಗಾಡಿ ಬದಲಿಸುವ ಕೆಲಸವೇ ಇಲ್ಲ. ಮಂಡಿ ನೋವಿನವರಿಗೆ ನಾನು ಇದನ್ನೇ ಹೇಳುವುದು.

ಗೊರಗುಂಟೆಪಾಳ್ಯದಿಂದ ರಿಂಗ್ ರಸ್ತೆಯ ಸಿಟಿ ಬಸ್ ಕೂಡ ಇದೆ. ಎಡಕ್ಕೆ ಹೋದರೆ ಹೆಬ್ಬಾಳ, ಬಲಕ್ಕೆ ಹೋದರೆ ಲಗ್ಗೆರೆ, ಸುಮನಹಳ್ಳಿ, ನಾಗರಭಾವಿ. ನಿಮಗೆ ಬೇಕಾದ್ದು ಬಲಗಡೆಯದು. ಹತ್ತುವಾಗ ನಾಗರಭಾವಿ ಅಂತ ಕೇಳಿಯೇ ಹತ್ತಿ. ಲಾ ಸ್ಕೂಲ್, ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ಕಚೇರಿ, ಸಮಾಜ ಮತ್ತು ಅರ್ಥಶಾಸ್ತ್ರದ ಸಂಶೋಧನೆ ಮಾಡುವ ಐಸೆಕ್ ಸಂಸ್ಥೆ ಕಡೆ ಕೆಲಸ ಇರುವವರಿಗೆ ಈ ದಾರಿಯೇ ಹತ್ತಿರ. ಲಾ ಸ್ಕೂಲ್ ಮತ್ತು ನ್ಯಾಕ್ ಎದುರು ಬದುರು ಇವೆ. ಇವೆಲ್ಲ ಜ್ಞಾನಭಾರತಿಯ ಮಗ್ಗುಲಲ್ಲೇ ಇದ್ದರೂ ಬೇರೆ ಬೇರೆ ಸಂಸ್ಥೆಗಳು. ಅಲ್ಲಿನ ಗೇಟಿನಲ್ಲಿ ಹೋಗಿ ಮಾರ್ಕ್ಸ್ ಕಾರ್ಡ್ ಕೇಳಿದರೆ ಸೆಕ್ಯೂರಿಟಿಯವನು ನಿಮ್ಮ ಮುಖ ನೋಡುತ್ತಾನೆ.

ಕ್ಯಾಂಪಸ್ ಒಳಗಿನ ವಿಷಯಕ್ಕೆ ಬರೋಣ. ಜ್ಞಾನಭಾರತಿ ಸುಮಾರು 1,100 ಎಕರೆ. ನಮ್ಮ ಬಿ.ಎಚ್. ರಸ್ತೆಯ ಕ್ಯಾಂಪಸ್ ನೋಡಿ ಅಭ್ಯಾಸ ಆದವರಿಗೆ ಇದು ಕ್ಯಾಂಪಸ್ ಅಂತ ಅನಿಸುವುದೇ ಇಲ್ಲ. ಮೈಸೂರು ರಸ್ತೆಯಲ್ಲಿ ಕೆಂಗೇರಿ ಕಡೆ ಮುಖ ಮಾಡಿ ನಿಂತರೆ ಕ್ಯಾಂಪಸ್ ಬಲಗಡೆ. ಎಡಗಡೆ ರಾಜರಾಜೇಶ್ವರಿ ನಗರ. ಒಳಗೆ ಹೊಕ್ಕ ಮೇಲೆ ಉದ್ದಕ್ಕೂ ಮರ, ಪೊದೆ, ಅಲ್ಲೊಂದು ಇಲ್ಲೊಂದು ಕಟ್ಟಡ. ಗೇಟಿನಿಂದ ನಡೆದೇ ಹೋಗುತ್ತೇನೆ ಅನ್ನುವ ಹಟ ಯುವಕರಿಗೆ ಬಿಡಿ. ಹೊರಗೇ ಆಟೋ ಮಾಡಿಕೊಂಡು, ಎಲ್ಲಿಗೆ ಅಂತ ಸರಿಯಾಗಿ ಹೇಳಿ.

ಏನು ಹೇಳಬೇಕು ಅನ್ನುವುದೇ ಇಲ್ಲಿ ಮುಖ್ಯ. "ಯೂನಿವರ್ಸಿಟಿ" ಅಂದರೆ ಆಟೋದವನು ಯಾವುದೋ ಡಿಪಾರ್ಟ್‌ಮೆಂಟ್ ಮುಂದೆ ಇಳಿಸುತ್ತಾನೆ. "ಆಡಳಿತ ಕಚೇರಿ" ಅಂದರೆ ಕುಲಪತಿಗಳು ಕೂರುವ ಕಟ್ಟಡಕ್ಕೆ ಹೋಗುತ್ತೀರಿ. ನಿಮ್ಮ ಕೆಲಸ ಅಲ್ಲಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಇಬ್ಬರು ಕುಲಸಚಿವರು ಇರುತ್ತಾರೆ. ಒಬ್ಬರು ಆಡಳಿತಕ್ಕೆ, ಇನ್ನೊಬ್ಬರು ಮೌಲ್ಯಮಾಪನಕ್ಕೆ. ಮಾರ್ಕ್ಸ್ ಕಾರ್ಡ್, ಡಿಗ್ರಿ, ಹೆಸರು ತಿದ್ದುಪಡಿ ಎಲ್ಲವೂ ಮೌಲ್ಯಮಾಪನದವರ ಕಡೆಯದು. ಆದ್ದರಿಂದ "ಪರೀಕ್ಷಾ ಭವನ" ಅಂತ ಕೇಳಿ. ದಾರಿಯಲ್ಲಿ ಹುಡುಗರನ್ನು ಕೇಳುವುದಕ್ಕಿಂತ, ಕೈಯಲ್ಲಿ ಫೈಲು ಹಿಡಿದು ಹೋಗುತ್ತಿರುವ ಮಧ್ಯವಯಸ್ಸಿನವರನ್ನು ಕೇಳಿ. ಅವರು ಸಿಬ್ಬಂದಿ ಆಗಿರುತ್ತಾರೆ, ಇಲ್ಲವೇ ನಿಮ್ಮ ಹಾಗೇ ಅಲೆದು ದಾರಿ ಕಲಿತವರು.

ಕೌಂಟರ್ ಮುಂದೆ ನಿಂತಾಗ ಮೂರು ಸಂಗತಿ ಬಾಯಲ್ಲಿರಬೇಕು: ರಿಜಿಸ್ಟರ್ ನಂಬರ್, ಪರೀಕ್ಷೆ ಬರೆದ ತಿಂಗಳು ಮತ್ತು ವರ್ಷ, ಕಾಲೇಜಿನ ಹೆಸರು. ರಿಜಿಸ್ಟರ್ ನಂಬರ್ ಗೊತ್ತಿಲ್ಲದಿದ್ದರೆ ತುಮಕೂರಿನಲ್ಲೇ ನಿಮ್ಮ ಕಾಲೇಜಿಗೆ ಮೊದಲು ಹೋಗಿ. ಹಳೇ ಫಲಿತಾಂಶದ ಲೆಡ್ಜರ್ ಎಲ್ಲೋ ಬೀರುವಿನಲ್ಲಿ ಇರುತ್ತದೆ. ಗುಮಾಸ್ತರಿಗೆ ಸ್ವಲ್ಪ ಸಮಾಧಾನವಾಗಿ ಕೇಳಿದರೆ ಹುಡುಕಿ ಕೊಡುತ್ತಾರೆ, ಅನುಭವದ ಮಾತು. ಪ್ರಾಂಶುಪಾಲರ ಸಹಿ ಇರುವ ಒಂದು ಪತ್ರವನ್ನೂ ಅಲ್ಲೇ ಮಾಡಿಸಿಕೊಳ್ಳಿ. ಮದುವೆ ಆದ ಮೇಲೆ ಹೆಸರು ಬದಲಾದ ಹೆಣ್ಣುಮಕ್ಕಳು ಎರಡೂ ಹೆಸರು ಹೊಂದಿಸುವ ದಾಖಲೆ ಒಯ್ಯಿರಿ. ಎಲ್ಲದರ ಜೆರಾಕ್ಸ್ ಇಲ್ಲೇ ಮಾಡಿಸಿ. ಆ ಕ್ಯಾಂಪಸ್ಸಿನಲ್ಲಿ ಒಂದು ಜೆರಾಕ್ಸ್‌ಗೆ ಹೋಗಿ ಬರುವುದೂ ಒಂದು ವಾಕಿಂಗ್.

ಅರ್ಜಿ ಕೊಟ್ಟ ದಿನವೇ ಕಾಗದ ಕೈಗೆ ಬರುತ್ತದೆ ಅಂದುಕೊಳ್ಳಬೇಡಿ. ಸ್ವೀಕೃತಿ ಮಾತ್ರ ಬಿಡದೆ ಇಸಿದುಕೊಳ್ಳಿ. ಅದರ ಮೇಲೆ ಸೀಲು, ತಾರೀಖು ಇದೆಯಾ ಅಂತ ನೋಡಿ, ಅಲ್ಲೇ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಇನ್ನೊಮ್ಮೆ ಹೋದಾಗ ಆ ಚೀಟಿಯೇ ನಿಮ್ಮ ಪರವಾಗಿ ಮಾತಾಡುತ್ತದೆ.

ಕ್ಯಾಂಪಸ್ ಒಳಗಿನ ರಸ್ತೆಗಳಲ್ಲಿ ಹುಷಾರಾಗಿರಿ. ಮೈಸೂರು ರಸ್ತೆಯಿಂದ ನಾಗರಭಾವಿ ಕಡೆಗೆ ದಾಟುವ ಹೊರಗಿನ ವಾಹನಗಳೂ ಅಲ್ಲೇ ನುಗ್ಗುತ್ತಿದ್ದವು. 2022ರ ಅಕ್ಟೋಬರ್‌ನಲ್ಲಿ ಒಳಗೇ ಬಸ್ ಹತ್ತುವಾಗ ಒಬ್ಬ ವಿದ್ಯಾರ್ಥಿನಿ ಬಸ್ಸಿನಡಿಗೆ ಸಿಕ್ಕಿದಳು, ಆಮೇಲೆ ತೀರಿಕೊಂಡಳು. ಹೊರಗಿನ ವಾಹನ ಬಿಡಬೇಡಿ ಅಂತ ವಿದ್ಯಾರ್ಥಿಗಳು ಧರಣಿ ಕೂತರು. ಬಸ್ ಪೂರ್ತಿ ನಿಲ್ಲುವ ತನಕ ಕಾಲು ಎತ್ತಬೇಡಿ, ಎಷ್ಟೇ ಅವಸರ ಇರಲಿ.

ವಾಪಸ್ ಬರುವಾಗ ಲೆಕ್ಕ ಬೇರೆ. ಬೆಳಿಗ್ಗೆ ಮೆಜೆಸ್ಟಿಕ್ ಬೇಡ ಅಂದೆ, ಸಂಜೆ ಮೆಜೆಸ್ಟಿಕ್‌ಗೇ ಹೋಗಿ. ನೇರಳೆ ಮೆಟ್ರೋದಲ್ಲಿ ನೇರವಾಗಿ ಇಳಿದು, ಬಸ್ ನಿಲ್ದಾಣದಲ್ಲಿ ತುಮಕೂರು ಬಸ್ ನಿಂತಿರುವಾಗಲೇ ಹತ್ತಿದರೆ ಕಿಟಕಿ ಸೀಟು ಸಿಗುತ್ತದೆ. ಗೊರಗುಂಟೆಪಾಳ್ಯದಲ್ಲಿ ಸಂಜೆ ಆರರ ಮೇಲೆ ನಿಂತರೆ ತುಂಬಿದ ಬಸ್ಸುಗಳೇ ಬರುತ್ತವೆ. ಶನಿವಾರ, ಹಬ್ಬದ ಹಿಂದಿನ ದಿನ ಆದರಂತೂ ಬಾಗಿಲಿಗೆ ಕೈ ಹಾಕಲೂ ಆಗುವುದಿಲ್ಲ. ನಾಲ್ಕೂವರೆ ಒಳಗೆ ಕ್ಯಾಂಪಸ್ ಬಿಟ್ಟರೆ ಒಳ್ಳೆಯದು. ತುಮಕೂರಿಗೆ ಬರುವಾಗ ನಿಮ್ಮ ಮನೆ ಬಟವಾಡಿ, ಎಸ್.ಎಸ್. ಪುರಂ ಕಡೆ ಇದ್ದರೆ ಊರೊಳಗೆ ಬಿ.ಎಚ್. ರಸ್ತೆಯಲ್ಲೇ ಹೋಗುವ ಬಸ್ಸಾ ಅಂತ ಮೊದಲೇ ಕೇಳಿ. ಶಿರಾ, ಚಿತ್ರದುರ್ಗದ ಕಡೆಗೆ ಹೋಗುವ ಕೆಲವು ಬಸ್ಸುಗಳು ಬೈಪಾಸ್‌ನಲ್ಲೇ ಹೊರಟುಬಿಡುತ್ತವೆ. ಅಲ್ಲಿ ಇಳಿಸಿದರೆ ರಾತ್ರಿ ಹೊತ್ತು ಆಟೋದವನು ಕೇಳಿದ್ದೇ ರೇಟು.