ಎರಡು ಮಹಾಯುದ್ಧಗಳ ನಡುವಿನ ಇಂಗ್ಲಿಷ್ ಫುಟ್‌ಬಾಲ್ ಆಟಗಾರನ ಜಾಡು ಹಿಡಿಯುವುದು ಹೇಗೆ

1927–28ರಲ್ಲಿ ಎವರ್ಟನ್ ಕ್ಲಬ್‌ನ ಡಿಕ್ಸಿ ಡೀನ್ ಲೀಗ್‌ನಲ್ಲಿ (ಇಂಗ್ಲೆಂಡಿನ ಮುಖ್ಯ ವೃತ್ತಿಪರ ಪಂದ್ಯಾವಳಿಯಾದ ಫುಟ್‌ಬಾಲ್ ಲೀಗ್‌ನಲ್ಲಿ) 60 ಗೋಲು ಹೊಡೆದದ್ದು ಎಲ್ಲಿ ಹುಡುಕಿದರೂ ಸಿಗುತ್ತದೆ. ಅದೇ ಕಾಲದಲ್ಲಿ ಮೂರನೇ ಡಿವಿಷನ್‌ನಲ್ಲಿ ಹತ್ತಾರು ಪಂದ್ಯ ಆಡಿ ಮರೆಯಾದವನ ವಿವರವನ್ನು ಮಾತ್ರ ಒಂದೊಂದಾಗಿ ಹೆಕ್ಕಿ ಜೋಡಿಸಬೇಕು.

ಹೆಸರಿನಿಂದ ಶುರು ಮಾಡಬೇಡಿ. ‘ಜೆ. ಸ್ಮಿತ್’ ಎಂದು ಹುಡುಕಿದರೆ ನಾಲ್ಕು ಊರಿನ ಸ್ಮಿತ್‌ಗಳು ಒಬ್ಬನೇ ಆಗಿಬಿಡುತ್ತಾರೆ. ಅವನು ಆಡಿದ್ದು ಖಾತ್ರಿಯಿರುವ ಒಂದು ಪಂದ್ಯವನ್ನು ಹಿಡಿದು ಅಲ್ಲಿಂದ ವಾರವಾರವೂ ಹಿಂದಕ್ಕೆ, ಮುಂದಕ್ಕೆ ಹೋಗಿ. ಸೀಸನ್‌ಗೊಂದು ಹಾಳೆ ಇರಲಿ: ಡಿವಿಷನ್‌ನಲ್ಲಿ 22 ತಂಡಗಳಿದ್ದರೆ 42 ಸಾಲು (ಉಳಿದ ಪ್ರತಿ ತಂಡದೊಡನೆ ಎರಡು ಪಂದ್ಯ), ಸೋತವರು ಹೊರಬೀಳುವ ಎಫ್.ಎ. ಕಪ್ ಪಂದ್ಯಗಳಿಗೆ ಬೇರೆ ಸಾಲು. ಲೀಗ್‌ಗೆ ಬದಲಿ ಆಟಗಾರರು ಬಂದದ್ದು 1965ರಲ್ಲಿ. ಹಾಗಾಗಿ ಒಂದು ಸಾಲಿನಲ್ಲಿ ಹನ್ನೆರಡು ಹೆಸರು ಬಂತೆಂದರೆ ಎಲ್ಲೋ ಎಡವಿದ್ದೀರಿ.

ಪತ್ರಿಕೆಯಲ್ಲಿ ತಂಡವನ್ನು ಅಚ್ಚು ಮಾಡುತ್ತಿದ್ದ ಕ್ರಮವೇ ದೊಡ್ಡ ಸಾಕ್ಷಿ. ಅಂಗಿಯ ಮೇಲೆ ನಂಬರ್ ಕಡ್ಡಾಯವಾದದ್ದು 1939ರಲ್ಲಷ್ಟೇ. ಮೊದಲ ಹೆಸರು ಗೋಲ್‌ಕೀಪರ್, ಆಮೇಲೆ ಇಬ್ಬರು ಬ್ಯಾಕ್ (ಹಿಂದಿನ ರಕ್ಷಕರು), ಮೂವರು ಹಾಫ್ (ನಡುವಿನವರು), ಐವರು ಫಾರ್ವರ್ಡ್ (ಮುಂದಿನ ದಾಳಿಗಾರರು). ಪ್ರತಿ ಗುಂಪೂ ಬಲದಿಂದ ಎಡಕ್ಕೆ. ಅಂದರೆ ಏಳನೆಯವನು ಔಟ್‌ಸೈಡ್ ರೈಟ್ (ಬಲ ಅಂಚಿನ ಫಾರ್ವರ್ಡ್), ಎಂಟನೆಯವನು ಅವನ ಒಳಮಗ್ಗುಲಿನ ಇನ್‌ಸೈಡ್ ರೈಟ್, ಹನ್ನೊಂದನೆಯವನು ಎಡ ಅಂಚಿನ ಔಟ್‌ಸೈಡ್ ಲೆಫ್ಟ್. ಎರಡು ವರ್ಷ ನಾಲ್ಕನೇ ಜಾಗದಲ್ಲಿದ್ದ ಹೆಸರು ದಿಢೀರನೆ ಹನ್ನೊಂದಕ್ಕೆ ಹಾರಿದರೆ ಅದೇ ಹೆಸರಿನ ಇನ್ನೊಬ್ಬ ನುಸುಳಿದ್ದಾನೆಯೇ ನೋಡಿ.

ಪಂದ್ಯದ ಪ್ರೋಗ್ರಾಂ (ಪ್ರೇಕ್ಷಕರಿಗೆ ಮಾರುತ್ತಿದ್ದ ಕಿರುಹೊತ್ತಗೆ) ನೋಡಲು ಚೆಂದ, ನಂಬಲು ಅಲ್ಲ. ಅದು ಪಂದ್ಯಕ್ಕೆ ಮೊದಲೇ ಅಚ್ಚಾಗಿರುತ್ತದೆ. ಕೊನೆ ಗಳಿಗೆಯಲ್ಲಿ ಹೊರಗುಳಿದವನ ಹೆಸರೂ ಅದರಲ್ಲಿರುತ್ತದೆ. ಎರಡು ತಂಡ ಎದುರುಬದುರಾಗಿ ಅಚ್ಚಾಗಿದ್ದರೆ ಒಂದರ ಎಡಬಲ ತಿರುಗುಮುರುಗಾಗಿರುವುದೂ ಉಂಟು. ಶನಿವಾರ ಸಂಜೆಯ ಕ್ರೀಡಾಪತ್ರಿಕೆ ಅವಸರದ್ದು, ಸೋಮವಾರದ ವರದಿಯೊಂದಿಗೆ ತಾಳೆ ನೋಡಿ.

ಪಂದ್ಯಗಳ ಲೆಕ್ಕ ಕೂಡದಿದ್ದರೆ ಎರಡು ಕಡೆ ನೋಡಿ. ವಿಗನ್ ಬರೋ ಕ್ಲಬ್ 12 ಪಂದ್ಯವಾಡಿ 1931ರ ಅಕ್ಟೋಬರ್‌ನಲ್ಲಿ ಲೀಗ್ ಬಿಟ್ಟಾಗ ಆ ಫಲಿತಾಂಶಗಳನ್ನೆಲ್ಲ ಅಳಿಸಿಹಾಕಿದರು. ಯುದ್ಧ ಶುರುವಾಗಿ ನಿಂತುಹೋದ 1939–40ರ ಪಂದ್ಯಗಳದೂ ಇದೇ ಕಥೆ. ಆಟಗಾರ ಆಡಿದ್ದಂತೂ ನಿಜ, ಆದ್ದರಿಂದ ಬೇರೆ ಕಾಲಂನಲ್ಲಿ ಬರೆಯಿರಿ. ಗೋಲುಗಳನ್ನು ಹೋಲಿಸುವಾಗಲೂ ಎಚ್ಚರ: 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲವಾಗಿ ಮೊದಲ ಡಿವಿಷನ್‌ನ ಗೋಲುಗಳು 1,192ರಿಂದ 1,703ಕ್ಕೆ ಏರಿದವು. ಅದರ ಹಿಂದಿನ ಹನ್ನೆರಡು ಗೋಲನ್ನೂ ಮುಂದಿನ ಹನ್ನೆರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಇಪ್ಪತ್ತಾರರ ಪ್ರಾಯದಲ್ಲಿ ಆಟಗಾರ ಕಣ್ಮರೆಯಾದರೆ ಗಾಯವೆಂದು ಊಹಿಸುವ ಮುನ್ನ ಲೀಗ್‌ನ ಹೊರಗೆ ಹುಡುಕಿ. ಒಪ್ಪಂದ ಮುಗಿದರೂ ಆಟಗಾರನ ನೋಂದಣಿ ಕ್ಲಬ್‌ನ ಕೈಯಲ್ಲೇ ಇರುತ್ತಿತ್ತು. ಅವನನ್ನು ಬಿಟ್ಟುಕೊಡಲು ಕ್ಲಬ್ ಕೇಳಿದ ಹಣ ಕೊಡುವವರಿಲ್ಲದಿದ್ದರೆ ಅವನಿಗೆ ಬೇರೆ ಲೀಗ್ ಕ್ಲಬ್ ಸೇರುವ ದಾರಿಯಿರಲಿಲ್ಲ. ಆದರೆ ಮಿಡ್‌ಲ್ಯಾಂಡ್ ಲೀಗ್, ಚೆಷೈರ್ ಕೌಂಟಿ ಲೀಗ್‌ಗಳಂಥ ಕಡೆ ಆ ಹಣ ಕೊಡದೆಯೇ ಆಡಬಹುದಿತ್ತು. 1922ರಿಂದ ಗರಿಷ್ಠ ಸಂಬಳ ಸೀಸನ್‌ನಲ್ಲಿ ವಾರಕ್ಕೆ 8 ಪೌಂಡ್, ಬೇಸಿಗೆಯಲ್ಲಿ 6. ಹಾಗಾಗಿ ಕೆಳಗಿಳಿದರೆ ಎಲ್ಲರಿಗೂ ಭಾರೀ ನಷ್ಟವಾಗುತ್ತಿತ್ತು ಎಂದೇನಿಲ್ಲ.

ಕೊನೆಗೆ ಆಸಾಮಿ ಯಾರೆಂಬುದು. ಪತ್ರಿಕೆ ಕೊಡುವ ವಯಸ್ಸಿನಲ್ಲಿ ಒಂದೆರಡು ವರ್ಷ ಕಡಿಮೆ ಇರಬಹುದು, ಜನನ ನೋಂದಣಿಯನ್ನೇ ನೋಡಿ. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದವನ ಹೆಸರು ಮರುವರ್ಷದ ಮೊದಲ ತ್ರೈಮಾಸಿಕದಲ್ಲಿರಬಹುದು. 1921ರ ಜನಗಣತಿ ನಡೆದದ್ದು ಜೂನ್ 19ರಂದು, ಆಟವಿಲ್ಲದ ಕಾಲ; ಕ್ಲಬ್‌ನ ಊರಲ್ಲಿ ಸಿಗದಿದ್ದರೆ ತಂದೆಯ ಮನೆಯಲ್ಲಿ ಹುಡುಕಿ. 1931ರದು ಬೆಂಕಿಗೆ ಆಹುತಿಯಾಗಿದೆ. 1939ರ ಸೆಪ್ಟೆಂಬರ್ 29ರಂದು ಯುದ್ಧಕ್ಕಾಗಿ ಜನರ ವಿವರ ಬರೆದುಕೊಂಡ ರಿಜಿಸ್ಟರ್‌ನಲ್ಲಿ ಹುಟ್ಟಿದ ದಿನಾಂಕವೂ ಕಸುಬೂ ಸಿಗುತ್ತವೆ. ಆದರೆ ಅಷ್ಟರಲ್ಲಿ ಆಟ ಬಿಟ್ಟವನು ಅಲ್ಲಿ ಫುಟ್‌ಬಾಲಿಗನಲ್ಲ, ಫಿಟ್ಟರೋ ಗಣಿಕಾರ್ಮಿಕನೋ ಆಗಿರುತ್ತಾನೆ.