ಹೊಸ ಶೆಡ್ ಬೇಡ, ಗಾಡಿ ಬಾಡಿಗೆಗೆ ದುಡ್ಡು ಕೊಡಿ

ಶಿವಮೊಗ್ಗದ ಹೊರಗೆ ನಾವೊಂದಿಷ್ಟು ಜನ ಸೇರಿ ನಾಯಿ, ಬೆಕ್ಕುಗಳಿಗೆ ಆಶ್ರಯ ನಡೆಸುತ್ತೇವೆ. ಜಾಗ ಸಾಲುವುದಿಲ್ಲ ಅನ್ನುವುದು ನಿತ್ಯದ ಗೋಳು. ದಾನ ಕೊಡುವವರೆಲ್ಲ ಇನ್ನೊಂದು ಶೆಡ್ ಕಟ್ಟಿ ಅನ್ನುತ್ತಾರೆ. ಕಟ್ಟಿದರೆ ಅದೂ ತುಂಬುತ್ತದೆ, ಅಲ್ವಾ?

ನಮ್ಮಲ್ಲಿಗೆ ಬರುವ ಮರಿಗಳು ಹೆಚ್ಚಾಗಿ ಸಂತೆ ಹತ್ತಿರ, ಸಾಗರ ರಸ್ತೆಯ ಬದಿಯಲ್ಲಿ ಚೀಲಕ್ಕೆ ತುಂಬಿ ಬಿಟ್ಟುಹೋದವು. ಜಾಸ್ತಿ ಹೆಣ್ಣೇ. ತೋಟದ ಮನೆಗೆ ನಾಯಿ ಬೇಕು. ಮಂಗ, ಹಂದಿ ಓಡಿಸಬೇಕು, ರಾತ್ರಿ ಯಾರಾದರೂ ಬಂದರೆ ಬೊಗಳಬೇಕು. ಆದರೆ, "ಗಂಡು ಇದ್ರೆ ಕೊಡಿ ಮಾರಾಯ್ರೆ, ಹೆಣ್ಣು ಬೇಡ" ಅನ್ನುತ್ತಾರೆ. ಬೆದೆಗೆ ಬಂದರೆ ಊರ ನಾಯಿಗಳೆಲ್ಲ ಅಂಗಳದಲ್ಲಿ. ಎರಡು ತಿಂಗಳಿಗೆ ಮರಿ. ಅವರ ಕಷ್ಟವೇನೂ ಸುಳ್ಳಲ್ಲ.

ಮರಿ ಹಾಕದ ಹಾಗೆ ಆಪರೇಷನ್ ಮಾಡಿಸಿದರೆ ಮುಗಿಯಿತು. ಬೇಡ ಅನ್ನುವವರು ಕಡಿಮೆಯೇ. ಹೊಸನಗರದ ಒಳಗಿನ ಹಳ್ಳಿಯಿಂದ ನಾಯಿಯನ್ನು ಬಸ್ಸಿನಲ್ಲಿ ತರುವುದು ಹೇಗೆ ಅನ್ನುವುದೇ ತೊಡಕು. ಅದಕ್ಕೇ ಶೆಡ್ಡಿನ ದುಡ್ಡನ್ನು ಗಾಡಿಗೆ ಹಾಕಿದೆವು. ಒಂದೇ ದಿಕ್ಕಿನ ಮನೆಗಳನ್ನು ಸೇರಿಸಿ, ಬೆಳಿಗ್ಗೆ ನಾಯಿಗಳನ್ನು ಕರೆತರುತ್ತೇವೆ. ಹೊಟ್ಟೆ ಖಾಲಿ ಇರಬೇಕು ಅಂತ ಹಿಂದಿನ ದಿನವೇ ಹೇಳಿರುತ್ತೇವೆ. ಆದರೂ ಪಾಪ ಅಂತ ದೋಸೆ ಹಾಕಿದ ಅಜ್ಜಿ ಪ್ರತಿ ಊರಲ್ಲೂ ಒಬ್ಬರಿರುತ್ತಾರೆ! ಆ ನಾಯಿಗೆ ಅವತ್ತು ಆಪರೇಷನ್ ಇಲ್ಲ. ಆಪರೇಷನ್ ಆದ ನಾಯಿಯನ್ನು ಗಾಯ ಒಣಗುವವರೆಗೆ ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ. ಮಳೆಗಾಲದಲ್ಲಿ ಒದ್ದೆ ಕೊಟ್ಟಿಗೆಗೆ ಕಳಿಸಿದರೆ ಹೊಲಿಗೆ ಕೀವು ಹಿಡಿಯುತ್ತದೆ. ಹೆಣ್ಣು ಮರಿ ದತ್ತು ಕೊಡುವಾಗಲೂ ಅಷ್ಟೇ, ಆರು ತಿಂಗಳಾದಾಗ ಆಪರೇಷನ್ನಿಗೆ ನಾವೇ ಬಂದು ಕರೆದುಕೊಂಡು ಹೋಗುತ್ತೇವೆ ಅಂತ ಮಾತು ಕೊಡುತ್ತೇವೆ. ಆಗ ಒಪ್ಪುವವರು ಜಾಸ್ತಿ.

ಬೀದಿನಾಯಿ ಎತ್ತಿಕೊಂಡು ಹೋಗಿ ಅಂತಲೂ ಫೋನ್ ಬರುತ್ತದೆ. ಕೇಂದ್ರ ಸರ್ಕಾರದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಆಪರೇಷನ್ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಸಾಮಾನ್ಯವಾಗಿ ಹಿಡಿದ ಜಾಗಕ್ಕೇ ಬಿಡಬೇಕು. ಕಿವಿಯ ಅಂಚು ಕತ್ತರಿಸಿದ್ದರೆ ಆಪರೇಷನ್ ಆಗಿದೆ ಅಂತ ಗುರುತು.

ಸಾಕಿದವರೇ ತಂದುಬಿಡುವ ನಾಯಿಗಳದ್ದು ಬೇರೆ ಕಥೆ. "ಇಟ್ಕೊಳ್ಳಿ" ಅಂದ ಕೂಡಲೇ ಹೂಂ ಅನ್ನುವುದಿಲ್ಲ. ಏನು ತೊಂದರೆ ಅಂತ ಕೇಳುತ್ತೇವೆ. ಎಷ್ಟೋ ಸಲ ಮೈತುಂಬ ಕಜ್ಜಿ, ಇಲ್ಲವೇ ಉಣ್ಣಿ ಹುಳ. ಔಷಧ ಕೊಡಿಸಿದರೆ ನಾಯಿ ಮನೆಯಲ್ಲೇ ಉಳಿಯುತ್ತದೆ.

ಎಳೆಯ ಮರಿಗಳನ್ನಂತೂ ಆಶ್ರಯದ ಒಳಗೇ ಬಿಡುವುದಿಲ್ಲ. ಮರಿಗಳಿಗೆ ವಾಂತಿ-ಭೇದಿ ತಂದು ಕೊಲ್ಲುವ ಪಾರ್ವೋ ರೋಗ ಬಂದರೆ ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಸುಮ್ನೆ ಫಿನಾಯಿಲ್ ಹಾಕಿ ತೊಳೆದರೆ ಹೋಗುವುದಿಲ್ಲ, ಬ್ಲೀಚಿಂಗ್ ಪೌಡರ್ ಬೇಕು. ಹಾಗಾಗಿ ಲಸಿಕೆಗಳು ಮುಗಿಯುವವರೆಗೆ ಮರಿಗಳು ನಮ್ಮ ನಮ್ಮ ಮನೆಗಳಲ್ಲಿ ಬೆಳೆಯುತ್ತವೆ. ಮನೆಯವರ ಬೈಗುಳ ಉಚಿತ.

ದತ್ತು ಕೇಳಿ ಬಂದವರಿಗೆ ನಮ್ಮದೊಂದೇ ಹಟ. ರಾತ್ರಿ ನಾಯಿ ಎಲ್ಲಿ ಮಲಗುತ್ತದೆ? ಕಾಡಿನ ಅಂಚಿನ ಮನೆಯಲ್ಲಿ ಅಂಗಳಕ್ಕೆ ಸರಪಳಿ ಹಾಕಿ ಕಟ್ಟಿದರೆ ಚಿರತೆಗೆ ಊಟ ಇಟ್ಟಂತೆ. ಬಾಗಿಲಿರುವ ಜಾಗ ತೋರಿಸದವರಿಗೆ ಮರಿ ಕೊಡುವುದಿಲ್ಲ, ನಮ್ಮ ಶೆಡ್ ಎಷ್ಟೇ ತುಂಬಿರಲಿ.